ಮಕ್ಕಳನ್ನ ಕಟ್ಟಿಕೊಂಡು ವರ್ಷಪೂರ್ತಿ ಆರ್‌ವಿಯಲ್ಲಿ: 31 ಅಡಿ ಕ್ಲಾಸ್ ಸಿ ತಗೋಬಹುದಾ?

ಟೆಕ್ಸಾಸ್_ತುಮಕೂರು
ಎಲ್ಲರಿಗೂ ನಮಸ್ಕಾರ. ನಾವಿರೋದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ನಾನು, ನನ್ನ ಹೆಂಡತಿ, ಐದು ವರ್ಷದ ಮಗಳು, ಎರಡು ತುಂಬಿದ ಮಗ. ಇಬ್ಬರದ್ದೂ ಮನೆಯಿಂದ ಮಾಡೋ ಕೆಲಸ, ಗ್ರೀನ್ ಕಾರ್ಡ್ ಬಂದಾಗಿದೆ. ಬಾಡಿಗೆ ಮನೆ ಕರಾರು ಮುಗಿದ ಮೇಲೆ ಸಾಮಾನು ಮಾರಿ ಒಂದು ವರ್ಷ ಮೋಟರ್‌ಹೋಮಿನಲ್ಲೇ, ಅಂದ್ರೆ ಹಾಸಿಗೆ ಅಡಿಗೆಮನೆ ಟಾಯ್ಲೆಟ್ ಎಲ್ಲ ಒಳಗೇ ಇರೋ ಆರ್‌ವಿ ಗಾಡಿಯಲ್ಲೇ ಇರೋಣ ಅಂತ ತೀರ್ಮಾನ ಮಾಡಿದ್ದೀವಿ. ವೀಕೆಂಡ್ ಕ್ಯಾಂಪಿಂಗ್ ಅಲ್ಲ, ಅದೇ ಮನೆ. ಊರಿಂದ ಅಮ್ಮ ಬರ್ತಾರೆ, ಬಂದ್ರೆ ಆರು ತಿಂಗಳು ನಮ್ಮ ಜೊತೆಗೇ.

ಇಲ್ಲೇ ಒಬ್ಬ ಡೀಲರ್ ಹತ್ರ ಸೆಕೆಂಡ್ ಹ್ಯಾಂಡ್ ಕ್ಲಾಸ್ ಸಿ (ವ್ಯಾನಿನ ಕ್ಯಾಬಿನ್ ಹಿಂದೆ ಮನೆಯ ಪೆಟ್ಟಿಗೆ ಕೂರಿಸಿದ್ದು) ನೋಡಿ ಬಂದ್ವಿ. 31 ಅಡಿ, ಫೋರ್ಡ್ ಇ-450 ಚಾಸಿ. ಹಿಂದೆ ಮಕ್ಕಳಿಗೆ ಮೇಲೊಂದು ಕೆಳಗೊಂದು ಬಂಕ್, ಡ್ರೈವರ್ ತಲೆ ಮೇಲೆ ಇನ್ನೊಂದು ಹಾಸಿಗೆ, ಡೈನೆಟ್ (ಊಟದ ಟೇಬಲ್ಲು ಬೆಂಚು) ಮಡಚಿದ್ರೆ ಮತ್ತೊಂದು. ಎಂಟು ಜನ ಮಲಗಬಹುದು ಅಂದ. ಮಗಳು ಆಗಲೇ ಮೇಲಿನ ಬಂಕ್ ಹತ್ತಿ ಕೂತು ಇದು ನಂದು ಅಂದಳು. ಬೆಲೆ ನಮ್ಮ ಕೈಗೆ ಎಟುಕುವಂಥದ್ದೇ.

ಅನುಭವ ಇರೋರು ಹೇಳಿ, ನಾಲ್ಕೈದು ಜನಕ್ಕೆ ಇದು ಸಾಕಾಗುತ್ತಾ? ಅಥವಾ ಬಸ್ಸಿನಂಥ ಕ್ಲಾಸ್ ಎ ಕಡೆ ಹೋಗೋದಾ?

ಗಾಲಿಮೇಲಿನಮನೆ
ಸರ್, ಎಷ್ಟು ಜನ ಮಲಗಬಹುದು ಅನ್ನೋದು ಮಾರೋರ ಲೆಕ್ಕ. ಅದನ್ನ ಪಕ್ಕಕ್ಕಿಡಿ. ಇನ್ನೊಮ್ಮೆ ಹೋಗಿ ಎರಡು ವಿಷಯ ನೋಡ್ಕೊಂಡು ಬನ್ನಿ.

ಮೊದಲನೇದು, ಬೆಲ್ಟ್ ಇರೋ ಸೀಟು ಎಷ್ಟಿವೆ, ಅವು ಯಾವ ಕಡೆ ಮುಖ ಮಾಡಿವೆ. ಕಾರ್ ಸೀಟ್ ಕಟ್ಟೋಕೆ ಮುಂದಕ್ಕೆ ಮುಖ ಮಾಡಿರೋ ಸೀಟೇ ಬೇಕು. ನಿಮ್ಮ ಮಗನ ಕಾರ್ ಸೀಟ್ ಹಿಮ್ಮುಖದ್ದಾಗಿದ್ರೂ ಅದನ್ನ ಕೂರಿಸೋ ಗಾಡಿ ಸೀಟು ಮುಂದಕ್ಕೇ ನೋಡ್ತಿರಬೇಕು. ಪಕ್ಕಕ್ಕೆ ಮುಖ ಮಾಡಿರೋ ಸೋಫಾದಲ್ಲಿ ಬೆಲ್ಟ್ ಇದ್ರೂ ಮಕ್ಕಳ ಲೆಕ್ಕಕ್ಕೆ ಅದು ಇಲ್ಲ ಅಂತಲೇ ತಿಳ್ಕೊಳ್ಳಿ. ಡೈನೆಟ್‌ನ ಬೆಂಚಿನ ಕುಶನ್ ಎತ್ತಿ ನೋಡಿ. ಬೆಲ್ಟು ಕೆಳಗೆ ಉಕ್ಕಿನ ಚೌಕಟ್ಟಿಗೆ ಬೋಲ್ಟ್ ಆಗಿದ್ಯಾ, ಬೆಂಚೇನು ಬರೀ ಪ್ಲೈವುಡ್ ಪೆಟ್ಟಿಗೇನಾ? ಬೆಲ್ಟ್ ಸೊಂಟಕ್ಕೆ ಮಾತ್ರಾನಾ, ಭುಜಕ್ಕೂ ಇದ್ಯಾ? ಬೂಸ್ಟರ್ ಸೀಟಿಗೆ ಭುಜದ ಬೆಲ್ಟ್ ಬೇಕೇ ಬೇಕು. ಸೊಂಟದ ಬೆಲ್ಟಷ್ಟೇ ಇದ್ರೆ ಮಗಳಿಗೆ ಐದು ಪಟ್ಟಿಯ ಹಾರ್ನೆಸ್ ಸೀಟೇ ಆಗಬೇಕು, ಅದೂ ಆ ಸೀಟಿನ ಕೈಪಿಡಿ ಒಪ್ಪಿದ್ರೆ.

ಎರಡನೇದು, ಒಳಗೆ ಒಂದು ಸ್ಟಿಕರ್ ಇರುತ್ತೆ. ಜನ, ಸಾಮಾನು ಎರಡೂ ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ ಬರೆದಿರುತ್ತೆ, ಓಸಿಸಿಸಿ ಅಂತಾರೆ. ಆ ಸಂಖ್ಯೆ ಇಲ್ಲಿ ಹಾಕಿ. ಅದು ನೋಡದೆ ಕ್ಲಾಸ್ ಎನೋ ಸಿನೋ ಅನ್ನೋ ಚರ್ಚೆ ವ್ಯರ್ಥ.

ಟೆಕ್ಸಾಸ್_ತುಮಕೂರು
ಹೋಗಿ ಬಂದೆ. ಸ್ಟಿಕರ್ ಮೇಲೆ 1,140 ಪೌಂಡ್ ಅಂತಿದೆ. ಡೈನೆಟ್ ಎದುರುಬದುರು ಬೆಂಚು, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಎಲ್ಲಾ ಸೊಂಟದ ಬೆಲ್ಟೇ. ಮುಂದಕ್ಕೆ ನೋಡೋ ಬೆಂಚಿನ ಕೆಳಗೆ ಉಕ್ಕಿನ ಚೌಕಟ್ಟು ಇದೆ, ಫೋಟೋ ತೆಗೆದಿದ್ದೀನಿ. ಕಾರ್ ಸೀಟಿನ ಮೇಲ್ಭಾಗ ಹಿಂದಕ್ಕೆ ಬಿಗಿಯೋ ಟೆದರ್ ಕೊಕ್ಕೆ ಎಲ್ಲೂ ಕಾಣ್ಲಿಲ್ಲ. 1,140 ಅಂದ್ರೆ ಅರ್ಧ ಟನ್ ಮೇಲೇ ಆಯ್ತಲ್ಲ, ಕಮ್ಮಿನಾ?

ಗಾಲಿಮೇಲಿನಮನೆ
ಕಮ್ಮಿ. ಲೆಕ್ಕ ಹಾಕೋಣ ಬನ್ನಿ.

ನೀವಿಬ್ಬರು 320 ಅಂತ ಇಟ್ಕೊಳ್ಳೋಣ, ಮಕ್ಕಳಿಬ್ಬರು 70, ಅಮ್ಮ 130. ಅಲ್ಲಿಗೇ 520. ನೀರಿನ ಟ್ಯಾಂಕ್ 40 ಗ್ಯಾಲನ್ ಇದ್ರೆ, ಗ್ಯಾಲನ್ನಿಗೆ 8.3 ಪೌಂಡ್, ಅದು 332. ಒಟ್ಟು 852. ಎರಡು ಕಾರ್ ಸೀಟ್ ಅಂದಾಜು 40. ಉಳಿದಿದ್ದು 248 ಪೌಂಡ್. ಅದರಲ್ಲಿ ಐದು ಜನರ ಬಟ್ಟೆ, ಹಾಸಿಗೆ, ಪಾತ್ರೆ, ಕುಕ್ಕರ್, ಸೋನಾ ಮಸೂರಿ ಚೀಲ, ಲ್ಯಾಪ್‌ಟಾಪ್, ಮಾನಿಟರ್, ಸ್ಟ್ರೋಲರ್, ಆಟದ ಸಾಮಾನು, ನೀರಿನ ಹೋಸು, ಕೊಳಕು ನೀರಿನ ಹೋಸು, ಟೂಲ್ ಬಾಕ್ಸು ಎಲ್ಲ ಹಿಡಿಸಬೇಕು. ಇನ್ನೂ ಒಂದು ವರ್ಷದ ಬದುಕು ತುಂಬೇ ಇಲ್ಲ.

ಟ್ಯಾಂಕ್ ಖಾಲಿ ಇಟ್ಕೊಂಡು ಓಡಿಸ್ತೀನಿ ಅಂತ ಕೆಲವರು ಹೇಳ್ತಾರೆ. ಸರಿ, ಆದ್ರೆ ಗಲೀಜು ನೀರಿನ ಟ್ಯಾಂಕು ಖಾಲಿ ಮಾಡೋಕೆ ಜಾಗ ಸಿಗದೆ ಹೊರಟ ದಿನ ಅದೇ ತೂಕ ಹಿಂದಿನ ಬಾಗಿಲಿಂದ ಒಳಗೆ ಬಂದಿರುತ್ತೆ. ಇ-450ರ ಒಟ್ಟು ಮಿತಿ 14,500 ಪೌಂಡ್. 31 ಅಡಿ ಪೆಟ್ಟಿಗೆ, ಸ್ಲೈಡ್‌ಔಟ್ (ನಿಲ್ಲಿಸಿದಾಗ ಹೊರಗೆ ಸರಿಸೋ ಭಾಗ), ಬಂಕು ಅಂತ ಕಂಪನಿಯವರು ಮೊದಲೇ ತುಂಬಿಬಿಟ್ಟಿರೋದ್ರಿಂದ ನಿಮಗೆ ಉಳಿಯೋದು ಇಷ್ಟೇ. ಅದೇ ಚಾಸಿ ಮೇಲೆ 26-27 ಅಡಿಯದು ನೋಡಿದ್ರೆ ಹಲವು ಸಲ ದುಪ್ಪಟ್ಟು ಓಸಿಸಿಸಿ ಸಿಗುತ್ತೆ. ದೊಡ್ಡ ಗಾಡಿ ಅಂದ್ರೆ ಜಾಸ್ತಿ ಸಾಮಾನು ಅಂತ ನಮ್ಮ ಜನ ಅಂದ್ಕೊಳ್ತಾರೆ, ಇಲ್ಲಿ ತದ್ವಿರುದ್ಧ.

ಧಾರವಾಡದಾಂವ_ಡೆನ್ವರ್
ನೋಡ್ರೀ ತುಮಕೂರು ಸರ, ನಾ ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಸಣ್ಣ ಮಕ್ಕಳ ಇದ್ರ ಮೋಟರ್‌ಹೋಮ್ ಬ್ಯಾಡ. ಟ್ರಕ್ ತಗೋರಿ, ಹಿಂದ ಬಂಕ್‌ಹೌಸ್ ಟ್ರೇಲರ್ (ಬಂಕ್ ಇರೋ, ಎಳಕೊಂಡ ಹೋಗೋ ಮನಿ) ಕಟ್ರಿ. ಯಾಕಂದ್ರ ಮಕ್ಕಳು ಕೂಡೋದು ಟ್ರಕ್ಕಿನ ಹಿಂದಿನ ಸೀಟಿನ್ಯಾಗ. ಅಲ್ಲೆ ಭುಜದ ಬೆಲ್ಟ ಐತಿ, ಕಾರ್ ಸೀಟ್ ಸಿಗಿಸೋ ಲ್ಯಾಚ್ ಕೊಕ್ಕಿ ಐತಿ, ಟೆದರ್ ಐತಿ, ಸುತ್ತ ಏರ್‌ಬ್ಯಾಗ್ ಅದಾವ. ಡೈನೆಟ್ಟಿನ್ಯಾಗ ಏನೈತ್ರಿ? ತಲಿ ಮ್ಯಾಲ ಪಾತ್ರಿ ತುಂಬಿದ ಕಪಾಟ, ಎದುರಿಗೆ ಟೇಬಲ್.

ಎರಡನೇ ಮಾತು. ಎಂಜಿನ್ ಕೆಟ್ರ ಮೋಟರ್‌ಹೋಮ್ ಗ್ಯಾರೇಜಿಗೆ ಹೋಗ್ತೈತಿ, ಅದರ ಕೂಡ ನಿಮ್ಮ ಮನಿನೂ ಹೋಗ್ತೈತಿ. ಬಿಡಿಭಾಗ ಬರೋತನಕ ಮಕ್ಕಳನ್ನ ಕರಕೊಂಡು ಮೊಟೆಲಿನ್ಯಾಗ ಕೂಡಬೇಕು. ನಮ್ಮ ಟ್ರಕ್ ಕೆಟ್ಟಾಗ ಟ್ರೇಲರ್ ಕ್ಯಾಂಪಿನ್ಯಾಗೇ ಇತ್ತು, ನಮ್ಮಾಕಿ ಎಂದಿನಂಗ ಚಾ ಮಾಡ್ಕೊಂಡು ಮೀಟಿಂಗ್ ಹಚ್ಚಿದ್ಲು. ಮತ್ತ ಒಂದೂರಾಗ ಎರಡ ವಾರ ಇರೋದಾದ್ರ ಕಿರಾಣಿ ಅಂಗಡಿಗೆ ಹೋಗಾಕ ಮನಿ ಮಡಚೋದ ಬ್ಯಾಡ. ಟ್ರಕ್ ತಗೊಂಡ ಹೊಂಟ್ರ ಆತು.

ಕರಾವಳಿ_ಕ್ಯಾರೊಲೈನಾ
ಟ್ರಕ್ ಹೇಳುವವರು ಟ್ರಕ್ಕಿನ ಲೆಕ್ಕವನ್ನೂ ಹೇಳಬೇಕು ಮಾರ್ರೆ. ಬಂಕ್‌ಹೌಸ್ ಟ್ರೇಲರ್ ಸಾಮಾನು ತುಂಬಿದ ಮೇಲೆ 8,000 ಪೌಂಡ್ ಅಂತ ಇಟ್ಕೊಳ್ಳಿ. ಅದರ 10ರಿಂದ 15 ಶೇಕಡ ಕೊಂಡಿಯ ಮೇಲೆ ಕೂರ್ತದೆ, ಅಂದ್ರೆ 800ರಿಂದ 1,200. ಜನ 520. ಕಾರ್ ಸೀಟು, ಹಿಚ್ಚು ಬೇರೆ. ಅರ್ಧ ಟನ್ ಅಂತ ಕರೆಯುವ ಮಾಮೂಲಿ ಟ್ರಕ್ಕಿನ ಬಾಗಿಲಲ್ಲಿರುವ ಪೇಲೋಡ್ (ಹೊರಬಹುದಾದ ತೂಕ) ಸ್ಟಿಕರ್ ಅಲ್ಲಿಗೇ ಮುಗೀತು. ಮುಕ್ಕಾಲು ಟನ್ನಿನ ಟ್ರಕ್ ಬೇಕು, ಅದರ ಬೆಲೆ ಕೇಳಿ ಆಮೇಲೆ ಮಾತಾಡುವ. ಫಿಫ್ತ್ ವೀಲ್, ಅಂದ್ರೆ ಟ್ರಕ್ಕಿನ ತೊಟ್ಟಿಯೊಳಗೆ ಕೊಂಡಿ ಹಾಕುವ ಟ್ರೇಲರ್ ಆದ್ರೆ ಅಲ್ಲಿ ಕೂರುವ ಪಿನ್ ತೂಕ 20 ಶೇಕಡ ದಾಟುದುಂಟು, ಅದು ಇನ್ನೂ ದೊಡ್ಡ ಕಥೆ.

ನಾವು ಇದ್ದದ್ದು ಕ್ಲಾಸ್ ಸಿಯಲ್ಲಿ, ಮಗಳು ಆಗ ಮೂರು ವರ್ಷದವಳು, ಟಾಯ್ಲೆಟ್ ಅಭ್ಯಾಸ ಮಾಡಿಸ್ತಾ ಇದ್ದ ಕಾಲ. ಹೈವೇಯಲ್ಲಿ "ಅಮ್ಮಾ ಈಗಲೇ" ಅಂದ್ಲು ಅಂದ್ರೆ ಮುಂದಿನ ಎಕ್ಸಿಟ್‌ನಲ್ಲಿ ನಿಲ್ಲಿಸಿ, ಒಳಗಿನಿಂದ ಒಳಗೇ ಟಾಯ್ಲೆಟ್ಟಿಗೆ. ಹೊರಗೆ ಗುಡುಗು ಮಳೆ ಇರ್ಲಿ, ಪಾರ್ಕಿಂಗಿನಲ್ಲಿ ನಿಲ್ಲಿಸಿ ಜನರೇಟರ್ ಹಾಕಿ ಎಸಿಯಲ್ಲಿ ಕೂತು ಗಂಜಿ ಊಟ. ಟ್ರೇಲರಿನಲ್ಲಿ ಗಾಡಿ ಓಡುವಾಗ ಜನ ಕೂರುವ ಹಾಗಿಲ್ಲ, ಹೆಚ್ಚಿನ ರಾಜ್ಯಗಳಲ್ಲಿ ಕಾನೂನೇ ಬಿಡುದಿಲ್ಲ. ರಾತ್ರಿ ಎಲ್ಲಾದ್ರೂ ನಿಂತ ಜಾಗ ಸರಿ ಕಾಣ್ಲಿಲ್ಲ ಅಂದ್ರೆ ಕೆಳಗಿಳಿಯದೆ ಹೊರಟು ಹೋಗಬಹುದು. ಹೆಣ್ಣುಮಕ್ಕಳಿಗೆ ಅದರ ಬೆಲೆ ಗೊತ್ತುಂಟು.

ಧಾರವಾಡದಾಂವ_ಡೆನ್ವರ್
ಅಕ್ಕಾರ, ಕಡೀ ಮಾತು ಒಪ್ಪಿದೆ. ಆದ್ರ ಬೆಲ್ಟಿನ ಮಾತಿಗೆ ಉತ್ತರ ಬರ್ಲಿಲ್ಲ ನೋಡ್ರಿ.

ಕರಾವಳಿ_ಕ್ಯಾರೊಲೈನಾ
ಬರ್ತದೆ ತಡೀರಿ, ಸಾರು ಒಲೆ ಮೇಲೆ ಉಂಟು.

ಉತ್ತರ ಎಂತ ಅಂದ್ರೆ, ಮಗಳು ಮೋಟರ್‌ಹೋಮಿನಲ್ಲಿ ಕೂತು ಪ್ರಯಾಣ ಮಾಡಿದ್ದು ಬಹಳ ಕಮ್ಮಿ. ಹಿಂದೆ ನಮ್ಮ ಕಾರು ಬರ್ತಿತ್ತು, ಅದರಲ್ಲಿ ನಾನು, ಅವಳು. ಇವರು ಮೋಟರ್‌ಹೋಮ್ ಓಡಿಸುದು. ಇಲ್ಲಿ ಎಷ್ಟೋ ಕುಟುಂಬಗಳು ಹೀಗೇ ಮಾಡ್ತವೆ. ಎರಡು ವಾರಕ್ಕೊಮ್ಮೆ ಜಾಗ ಬದಲಾಯಿಸುವವರಿಗೆ ಎರಡು ಗಾಡಿಯ ಪೆಟ್ರೋಲು ಅಂಥ ದೊಡ್ಡ ಖರ್ಚಲ್ಲ. ಕಾರು ಎಳೆಯುವ ಹಿಚ್ಚು, ಬ್ರೇಕ್ ಪೆಟ್ಟಿಗೆ, ಆ ತಲೆನೋವೆಲ್ಲ ಇಲ್ಲ. ಟಾಯ್ಲೆಟ್ ಬೇಕಾದ್ರೆ ಫೋನ್ ಮಾಡುದು, ಎರಡೂ ಗಾಡಿ ಒಂದೇ ಎಕ್ಸಿಟ್ಟಿನಲ್ಲಿ.

ಟೆಕ್ಸಾಸ್_ತುಮಕೂರು
ಇದು ನಮ್ಮ ತಲೆಗೇ ಬಂದಿರ್ಲಿಲ್ಲ! ನಮ್ಮ ಹತ್ರ ಟೊಯೊಟಾ ಸಿಯೆನ್ನಾ ವ್ಯಾನ್ ಇದೆ, ಅದನ್ನ ಮಾರೋಣ ಅಂತಿದ್ವಿ. ಮೋಟರ್‌ಹೋಮಿನ ಹಿಂದೆ ಕಟ್ಟಿ ನಾಲ್ಕು ಚಕ್ರ ನೆಲದ ಮೇಲಿಟ್ಟು ಎಳೆಯೋಕೆ ಆಗಲ್ಲ ಅಂತ ಅದನ್ನ ಲೆಕ್ಕದಿಂದ ತೆಗೆದಿದ್ದೆ. ಎಳೆಯೋದೇ ಬೇಡ ಅಂದ್ರೆ ಕಥೆ ಬೇರೆ. ಹೆಂಡತಿಗೆ ಈ ಥ್ರೆಡ್ ತೋರಿಸ್ತೀನಿ.

ಗಾಲಿಮೇಲಿನಮನೆ
ಒಳ್ಳೇ ಸಲಹೆ. ತೂಕದ ಲೆಕ್ಕವೂ ಬದಲಾಗುತ್ತೆ ನೋಡಿ. ಅಮ್ಮ, ಹೆಂಡತಿ, ಮಕ್ಕಳು, ಕಾರ್ ಸೀಟು ಎಲ್ಲ ಸಿಯೆನ್ನಾಗೆ. ಮೋಟರ್‌ಹೋಮಿನಲ್ಲಿ ಓಡುವಾಗ ನೀವೊಬ್ಬರು, ಮೇಲೆ ನೀರು. 1,140ರಲ್ಲಿ 600ಕ್ಕೂ ಹೆಚ್ಚು ಸಾಮಾನಿಗೆ ಉಳೀತು. ಭಾರದ ಡಬ್ಬಿಗಳನ್ನ ಸಿಯೆನ್ನಾ ಡಿಕ್ಕಿಗೂ ಹಂಚಬಹುದು. ಆದ್ರೂ ಆ ಗಾಡಿಗೆ ನಾನು ಹಿಂದೆಮುಂದೆ ನೋಡ್ತೀನಿ. ಸ್ಟಿಕರ್ ಬಂದ ಮೇಲೆ ಹಿಂದಿನ ಮಾಲೀಕರು ಸೋಲಾರ್ ಹಾಕಿದ್ರೋ, ಬ್ಯಾಟರಿ ಹಾಕಿದ್ರೋ, ಅದು ಸ್ಟಿಕರ್ರಿಗೆ ಗೊತ್ತಿಲ್ಲ. ಟೆಸ್ಟ್ ಡ್ರೈವ್ ನೆಪದಲ್ಲಿ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಮೇಲೆ ಹತ್ತಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆಬೇರೆ ತೂಕದ ಚೀಟಿ ಕೊಡ್ತಾರೆ. ಉದ್ದದ ಕ್ಲಾಸ್ ಸಿಗಳಲ್ಲಿ ಹಿಂದಿನ ಚಕ್ರ ದಾಟಿ ಪೆಟ್ಟಿಗೆ ಬಹಳ ಹೊರಗೆ ಚಾಚಿರುತ್ತೆ, ಅಲ್ಲೇ ಬಂಕು, ಅಲ್ಲೇ ಡಿಕ್ಕಿ. ಹಾಗಾಗಿ ಒಟ್ಟು ತೂಕ ಸರಿ ಇದ್ರೂ ಹಿಂದಿನ ಆಕ್ಸಲ್ ಮಿತಿ ದಾಟಿರಬಹುದು.

ಕ್ಲಾಸ್ ಎ ಬಗ್ಗೆ ಕೇಳಿದ್ರಿ. ಪೆಟ್ರೋಲ್ ಕ್ಲಾಸ್ ಎಗಳು ಬಹುಪಾಲು ಫೋರ್ಡ್ ಎಫ್-53 ಚಾಸಿ, ತೂಕಕ್ಕೆ ಧಾರಾಳ ಜಾಗ, ಒಳಗೂ ವಿಶಾಲ. ಆದ್ರೆ ಮುಂದೆ ಹೆಚ್ಚಿನವಕ್ಕೆ ಏರ್‌ಬ್ಯಾಗೇ ಇರಲ್ಲ. ಇ-450ಯಲ್ಲಿ ಮುಂದಿನ ಕ್ಯಾಬು ಫೋರ್ಡಿನದೇ, ಅದಕ್ಕಾದ್ರೂ ಕಾರ್ಖಾನೆಯ ಏರ್‌ಬ್ಯಾಗು, ಬಾಗಿಲು, ಚೌಕಟ್ಟು ಇದೆ. ಕ್ಲಾಸ್ ಬಿ ವ್ಯಾನು ಇಬ್ಬರಿಗೆ ಸೊಗಸು, ನಿಮಗೆ ಬೇಡ.

ಸೌ_ತುಮಕೂರು
ನಮಸ್ತೆ, ನಾನು ಮೇಲಿನವರ ಹೆಂಡತಿ. ಅವರು ಎಂಜಿನ್ನು ಚಾಸಿ ಅಂತ ಬರೀತಾರೆ, ನನ್ನ ಪ್ರಶ್ನೆಗಳು ಬೇರೆ ಇವೆ.

ನಂಗೆ ದಿನಕ್ಕೆ ನಾಲ್ಕೈದು ಕಾಲ್ ಇರುತ್ತೆ. ಬಾಗಿಲು ಹಾಕ್ಕೊಳ್ಳೋ ಜಾಗ ಒಂದು ಬೇಕು, ಪರದೆ ನಡೆಯಲ್ಲ. ಮಗ ಮಧ್ಯಾಹ್ನ ಇನ್ನೂ ಮಲಗ್ತಾನೆ. ಅತ್ತೆಗೆ ಮಂಡಿ ನೋವು, ಅವರನ್ನ ಡ್ರೈವರ್ ಮೇಲಿನ ಹಾಸಿಗೆಗೆ ಹತ್ತಿಸೋಕೆ ಆಗಲ್ಲ, ಡೈನೆಟ್ ದಿನಾ ಮಡಚಿ ಬಿಚ್ಚೋದೂ ಆಗಲ್ಲ. ಮತ್ತೆ ಅಡಿಗೆ. ದಿನಾ ಅನ್ನ ಸಾರು ಪಲ್ಯ ಮಾಡೋರು ನಾವು. ಅದರಲ್ಲಿ ಒಗ್ಗರಣೆ ಹಾಕಿದ್ರೆ ಏನಾಗುತ್ತೆ?

ಕರಾವಳಿ_ಕ್ಯಾರೊಲೈನಾ
ಒಣಮೆಣಸು ಕರಿಬೇವು ಹಾಕಿದ ಕೂಡ್ಲೇ ಹೊಗೆ ಅಲಾರಾಂ ಕಿರುಚ್ತದೆ, ಅಷ್ಟೇ 😄 ಛಾವಣಿಯ ಫ್ಯಾನ್ ಮೊದಲೇ ಹಾಕಿ ಕಿಟಕಿ ತೆರೆದಿಡಿ. ನಾವು ಕೊನೆಗೆ ಒಗ್ಗರಣೆ, ಮೀನು, ದೋಸೆ ಎಲ್ಲ ಹೊರಗಿನ ಟೇಬಲಿಗೆ ಸಾಗಿಸಿದೆವು. ಆದ್ರೆ ಅಲಾರಾಂ ಕಿರಿಕಿರಿ ಅಂತ ಬ್ಯಾಟರಿ ತೆಗೆದಿಡಬೇಡಿ, ಆ ಕೆಲಸ ಮಾಡಿದವರನ್ನು ನೋಡಿದ್ದೇನೆ. ಹೊಗೆ, ಪ್ರೊಪೇನ್ ಗ್ಯಾಸು, ಕಾರ್ಬನ್ ಮೊನಾಕ್ಸೈಡು, ಮೂರಕ್ಕೂ ಸೆನ್ಸರ್ ಇರಬೇಕು. ಪ್ರೊಪೇನ್ ಗಾಳಿಗಿಂತ ಭಾರ, ಹಾಗಾಗಿ ಅದರ ಸೆನ್ಸರ್ ನೆಲದ ಹತ್ರ ಇರ್ತದೆ, ಅದರ ಮುಂದೆ ಅಕ್ಕಿ ಚೀಲ ಇಡಬಾರದು. ಅವಕ್ಕೂ ಅವಧಿ ಉಂಟು. ಹಳೇ ಗಾಡಿ ತಗೊಂಡ್ರೆ ಹಿಂಬದಿಯ ದಿನಾಂಕ ನೋಡಿ ಹೊಸತು ಹಾಕಿ.

ಕರೆಂಟಿನ ವಿಷಯ ಕೇಳಿ. ನಿಮ್ಮ ಗಾಡಿಗೆ 30 ಆಂಪಿನ ಪ್ಲಗ್ಗಾ, 50 ಆಂಪಿಂದಾ? 30 ಅಂದ್ರೆ 120 ವೋಲ್ಟಿನಲ್ಲಿ ಒಟ್ಟು 3,600 ವಾಟ್. ಟೆಕ್ಸಾಸಿನ ಆಗಸ್ಟಿನಲ್ಲಿ ಛಾವಣಿ ಎಸಿಯೊಂದೇ 1,500 ವಾಟಿನ ಆಸುಪಾಸು ತಿನ್ತದೆ, ಇಂಡಕ್ಷನ್ ಒಲೆ 1,800. ಅದರ ಮೇಲೆ ಮಿಕ್ಸಿ ತಿರುಗಿಸಿದ್ರಿ ಅಂದ್ರೆ ಬ್ರೇಕರ್ ಬಿತ್ತು, ಚಟ್ನಿ ಅರ್ಧ. 50 ಆಂಪಿನದು ಎರಡು ಲೈನಿನ ಕನೆಕ್ಷನ್, 12,000 ವಾಟ್, ಎರಡು ಎಸಿ ಓಡ್ತದೆ. ಬೇಸಿಗೆಯಲ್ಲಿ ದಕ್ಷಿಣದ ರಾಜ್ಯದಲ್ಲಿ ಇರುವವರು ಇದನ್ನು ನೋಡಿಯೇ ತಗೊಳ್ಳಿ. ಊರಿಂದ 220 ವೋಲ್ಟಿನ ಗ್ರೈಂಡರ್ ಹೊತ್ತು ತರಲು ಅತ್ತೆಗೆ ಹೇಳ್ಬೇಡಿ.

ಇನ್ನೊಂದು, ಮೊದಲು ತುಂಬುದು ಶೌಚದ ಟ್ಯಾಂಕ್ ಅಲ್ಲ, ಪಾತ್ರೆ ತೊಳೆದ ನೀರಿನ ಟ್ಯಾಂಕ್. ಸಾರಿನ ಪಾತ್ರೆ, ಎಣ್ಣೆ ಬಾಣಲೆ, ಮಕ್ಕಳ ಸ್ನಾನ! ತೊಳೆಯುವ ಮೊದಲು ಬಾಣಲೆಯನ್ನು ಪೇಪರಿನಲ್ಲಿ ಒರೆಸಿ. ಡಯಾಪರ್ ಅಂತೂ ಚೀಲಕ್ಕೇ. ವೈಪ್ಸಿನ ಡಬ್ಬದ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ರೂ ಆ ಟ್ಯಾಂಕಿಗೆ ಹಾಕಬೇಡಿ.

ಗಾಲಿಮೇಲಿನಮನೆ
ಮೇಡಂ, ನಿಮ್ಮ ಪ್ರಶ್ನೆಗಳೇ ನಿಜವಾದ ಪ್ರಶ್ನೆಗಳು. ಹಿಂದೆ ಬಂಕ್ ಇರೋ ಹಲವು ಕ್ಲಾಸ್ ಸಿಗಳಲ್ಲಿ ಬಂಕು ಓಣಿಯ ಪಕ್ಕ ಇರುತ್ತೆ, ಬರೀ ಪರದೆ. ದೊಡ್ಡ ಬೆಡ್‌ರೂಮಿಗೆ ಮಾತ್ರ ಬಾಗಿಲು. ಹಾಗಾಗಿ ಬೆಡ್‌ರೂಮೇ ನಿಮ್ಮ ಆಫೀಸು. ಅಲ್ಲಿ ಮಡಚೋ ಟೇಬಲ್ ಹಾಕಿದ್ರೆ ಕಾಲು ಚಾಚೋಕೆ ಜಾಗ ಉಳಿಯುತ್ತಾ ಅಂತ ಟೇಪ್ ಹಿಡಿದು ಅಳೆಯಿರಿ. ಅತ್ತೆಗೆ ಕೆಳಗಿನ ಬಂಕು. ಅದರ ಅಗಲ, ಉದ್ದ, ತಡೆಯೋ ತೂಕ ಸ್ಟಿಕರ್ ಮೇಲಿರುತ್ತೆ, ಮಕ್ಕಳ ಅಳತೆಗೆ ಮಾಡಿದ ಬಂಕಲ್ಲಿ ದೊಡ್ಡವರು ಆರು ತಿಂಗಳು ಮಲಗೋಕೆ ಆಗಲ್ಲ. ಸ್ಲೈಡ್‌ಔಟ್ ಒಳಗೆ ಎಳೆದಾಗ ಟಾಯ್ಲೆಟ್ ಬಾಗಿಲು ತೆಗೆಯೋಕೆ ಬರುತ್ತಾ, ಫ್ರಿಜ್ ತೆಗೆಯೋಕೆ ಬರುತ್ತಾ ನೋಡಿ. ಡೀಲರ್ ಯಾವಾಗ್ಲೂ ಸ್ಲೈಡ್ ತೆಗೆದೇ ತೋರಿಸ್ತಾನೆ.

ಮಗಳಿಗೆ ಬೇಜಾರಾಗುತ್ತೆ, ಆದ್ರೆ ಆರು ವರ್ಷಕ್ಕಿಂತ ಚಿಕ್ಕವರನ್ನ ಮೇಲಿನ ಬಂಕಿನಲ್ಲಿ ಮಲಗಿಸಬೇಡಿ ಅಂತ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಸಲಹೆಯೇ ಇದೆ. ಬಂಕಿನ ಹತ್ತಿರ ಎಮರ್ಜೆನ್ಸಿ ಕಿಟಕಿ ಇರುತ್ತೆ, ಕೆಂಪು ಹಿಡಿಯದ್ದು. ಹಳೇ ಗಾಡಿಯಲ್ಲಿ ಅದು ಅಂಟಿಕೊಂಡಿರುತ್ತೆ. ಅಲ್ಲೇ ನಿಂತು ತೆಗೆಸಿ ನೋಡಿ.

ಎಚ್1ಬಿ_ಹಾಸನ
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾವಿನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿ, ನ್ಯೂ ಜೆರ್ಸಿ. ಕಂಪನಿ ಪೂರ್ತಿ ರಿಮೋಟ್. ನಾವೂ ಹೀಗೆ ಹೊರಡಬಹುದಾ? ಕೆಲಸ ಮಾಡೋದು ಲ್ಯಾಪ್‌ಟಾಪಲ್ಲೇ ಅಲ್ವಾ.

ಗಾಲಿಮೇಲಿನಮನೆ
ಹುಷಾರು ಸರ್. ಎಚ್-1ಬಿಯಲ್ಲಿ ಕೆಲಸದ ಜಾಗ ಎಲ್‌ಸಿಎ ಅನ್ನೋ ಕಾರ್ಮಿಕ ಇಲಾಖೆಯ ಅರ್ಜಿಯಲ್ಲಿ ಬರೆದಿರುತ್ತೆ. ಮನೆಯಿಂದ ಕೆಲಸ ಅಂದ್ರೆ ಆ ಮನೆಯೇ ಕೆಲಸದ ಜಾಗ. ಆ ಮಹಾನಗರ ಪ್ರದೇಶ ಬಿಟ್ಟು ಬೇರೆ ಕಡೆಯಿಂದ ಕೆಲಸ ಮಾಡಿದ್ರೆ ತಿದ್ದುಪಡಿ ಅರ್ಜಿ ಹಾಕಬೇಕು ಅಂತ 2015ರ ಸಿಮಿಯೋ ತೀರ್ಪು ಹೇಳುತ್ತೆ. ಅಲ್ಪಾವಧಿಗೆ ಕೆಲವು ವಿನಾಯಿತಿ ಇವೆ, ಆದ್ರೆ ವರ್ಷಪೂರ್ತಿ ಊರೂರು ಅಲೆಯೋಕೆ ಅವು ಸಾಲಲ್ಲ. ಕಂಪನಿಯ ಅಟಾರ್ನಿ ಕೇಳದೆ ಒಂದು ಹೆಜ್ಜೆ ಇಡಬೇಡಿ. ರಜೆ ಹಾಕಿ ಸುತ್ತೋದು ಬೇರೆ ಮಾತು.

ತುಮಕೂರು ಸರ್, ಗ್ರೀನ್ ಕಾರ್ಡ್ ಇದ್ರೂ ವಾಸದ ವಿಳಾಸ ಬದಲಾದ 10 ದಿನದೊಳಗೆ ಎಆರ್-11 (ವಲಸೆ ಇಲಾಖೆಗೆ ವಿಳಾಸ ತಿಳಿಸೋ ಫಾರಂ) ತುಂಬಬೇಕು, ಮನೆ ಬಿಟ್ಟ ದಿನ ಮರೀಬೇಡಿ. ಟೆಕ್ಸಾಸ್ ವಾಸಿಗಳಾಗೇ ಉಳಿಯೋದು ನಿಮಗೆ ಸುಲಭ, ರಾಜ್ಯದ ಆದಾಯ ತೆರಿಗೆ ಇಲ್ಲ, ಲಿವಿಂಗ್‌ಸ್ಟನ್ನಿನಲ್ಲಿ ಎಸ್ಕೇಪೀಸ್ ಸಂಘದ ಟಪಾಲು ಸೇವೆ ಇದೆ, ಪೂರ್ಣಾವಧಿ ಆರ್‌ವಿಯವರು ಅದನ್ನ ತುಂಬಾ ಬಳಸ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೂತು ಕೆಲಸ ಮಾಡಿದ ದಿನಗಳ ಸಂಬಳಕ್ಕೆ ಮಾತ್ರ ಆ ರಾಜ್ಯದವರು ತೆರಿಗೆ ಕೇಳ್ತಾರೆ, ನಿಮ್ಮ ಎಚ್‌ಆರ್‌ಗೂ ತಿಳಿಸಿರಬೇಕು.

ಬಸವನಗುಡಿ_ಬಾಬು
ಬೆಂಗಳೂರಿಂದ ಓದ್ತಿದ್ದೀನಿ, ಹೊಟ್ಟೆ ಉರೀತಿದೆ. ವರ್ಷ ಮುಗಿದ ಮೇಲೆ ಆ ಗಾಡೀನ ಹಡಗಿಗೆ ಹಾಕಿ ಊರಿಗೆ ತಂದ್ಬಿಡಿ ಸಾರ್, ನಾವೂ ಒಂದು ಸಲ ಹತ್ತಿ ನೋಡ್ತೀವಿ.

ಗಾಲಿಮೇಲಿನಮನೆ
ಆಗಲ್ಲ ಬಾಬು ಅವರೇ. ಹಳೇ ಗಾಡಿ ಆಮದಿಗೆ ಸ್ಟೀರಿಂಗ್ ಬಲಗಡೆ ಇರಬೇಕು, ಮೂರು ವರ್ಷಕ್ಕಿಂತ ಹಳೇದಾಗಿರಬಾರದು. ಅಮೆರಿಕದ ಗಾಡಿ ಮೊದಲ ಷರತ್ತಿನಲ್ಲೇ ಬಿತ್ತು. ನಿಮ್ಮಲ್ಲೇ ಫೋರ್ಸ್ ಟ್ರಾವೆಲರ್ ಮೇಲೆ ಕ್ಯಾರವಾನ್ ಮಾಡಿಕೊಡೋರಿದ್ದಾರೆ. ಮೋಟರ್ ಕ್ಯಾರವಾನಿಗೆ ಎಐಎಸ್-124 ಅನ್ನೋ ಮಾನದಂಡ ಇದೆ, ಅದರ ಅನುಮೋದನೆ ಇರೋರ ಹತ್ರ ಮಾಡಿಸಿ. ಇಲ್ಲಾಂದ್ರೆ ಆರ್‌ಟಿಓದಲ್ಲಿ ಸಿಕ್ಕಿಹಾಕ್ಕೊಳ್ತೀರ. ಇದಕ್ಕೆ ಬೇರೆ ಥ್ರೆಡ್ ಶುರು ಮಾಡಿ, ಇಲ್ಲಿ ಬೇಡ.

ಧಾರವಾಡದಾಂವ_ಡೆನ್ವರ್
ಹಳೇ ಗಾಡಿ ನೋಡೋ ಮುಂದ ನಾ ಹೇಳೋದೊಂದೇ. ನೀರು. ಎಂಜಿನ್ ಕೆಟ್ರ ರಿಪೇರಿ ಐತಿ, ಗೋಡಿಯೊಳಗ ನೀರ ಹೊಕ್ಕಿದ್ರ ಮುಗೀತು. ಇವು ಮರದ್ದೋ ಅಲ್ಯೂಮಿನಿಯಂದೋ ಚೌಕಟ್ಟು, ತೆಳು ಫೈಬರ್ ಹಾಳಿ, ನಡುವ ಫೋಮ್. ಹೊರಗಿನ ಗೋಡಿ ಮ್ಯಾಲ ಬಿಸಲಾಗ ಓರೆಯಿಂದ ನೋಡ್ರಿ, ಹಪ್ಪಳದಂಗ ಉಬ್ಬಿತ್ತಂದ್ರ ಅದಕ್ಕ ಡಿಲ್ಯಾಮಿನೇಶನ್ ಅಂತಾರ, ಬಿಟ್ಟ ಬರ್ರಿ. ಕ್ಲಾಸ್ ಸಿಯಾಗ ಡ್ರೈವರ್ ತಲಿ ಮ್ಯಾಲಿನ ಹಾಸಿಗಿ ಮೂಲಿ ಇರ್ತಾವಲ್ಲ, ಗಾದಿ ಎತ್ತಿ ಅಲ್ಲೆ ಕೈಯಾಡಿಸ್ರಿ. ಮೊದಲ ಸೋರೋದು ಅಲ್ಲೇ. ಏಣಿ ಹತ್ತಿ ಛಾವಣಿ ಸೀಲಂಟ್ ಬಿರುಕ ಬಿಟ್ಟೈತೇನ ನೋಡ್ರಿ.

ಟಾಯರ್ ಪಕ್ಕದಾಗ ಡಾಟ್ (DOT) ಅಂತ ಅಚ್ಚಾದ ನಂಬರಿನ ಕಡೀ ನಾಕ ಅಂಕಿ ಓದ್ರಿ. 2319 ಅಂದ್ರ 2019ರ 23ನೇ ವಾರ. ಮೋಟರ್‌ಹೋಮ್ ನಿಂತಲ್ಲೇ ನಿಲ್ತಾವ, ಟಾಯರ್ ನೋಡಾಕ ಹೊಸಾದ ಕಾಣ್ತಾವ, ಒಳಗ ಮುದುಕ ಆಗಿರ್ತಾವ. ನಂದ ಮಾತ ಕೇಳೂದಾದ್ರ ಎನ್‌ಆರ್‌ವಿಐಎ (ಆರ್‌ವಿ ತಪಾಸಣೆ ಮಾಡೋರ ಸಂಘ) ಸರ್ಟಿಫಿಕೇಟ್ ಇದ್ದ ಇನ್‌ಸ್ಪೆಕ್ಟರ್ ಒಬ್ಬರನ್ನ ಕರಸ್ರಿ. ರೊಕ್ಕ ತಗೋತಾರ, ಆದ್ರ ಡೀಲರ್ ಪರವಾಗಿ ಮಾತಾಡೂದಿಲ್ಲ. ಡೀಲರ್ ಬ್ಯಾಡ ಅಂದ್ರ ಅಲ್ಲಿಗೇ ತಿಳ್ಕೋರಿ.

ಸೌ_ತುಮಕೂರು
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಟೇಪ್ ತಗೊಂಡು ಹೋಗಿದ್ವಿ. ಕೆಳಗಿನ ಬಂಕ್ ಅಗಲ ಎರಡೂಕಾಲು ಅಡಿ, ಅತ್ತೆ ಅದರಲ್ಲಿ ಮಗ್ಗಲು ಬದಲಾಯಿಸೋಕೆ ಆಗಲ್ಲ. ಸ್ಲೈಡ್ ಒಳಗೆ ಎಳೆದ್ರೆ ಬೆಡ್‌ರೂಮಿಗೆ ಹೋಗೋಕೆ ದಾರಿನೇ ಇಲ್ಲ, ಹಾಸಿಗೆ ಮೇಲೆ ತೆವಳಬೇಕು. 30 ಆಂಪ್. ಮೂಲೆಯಲ್ಲಿ ಗಾದಿ ಎತ್ತಿ ನೋಡಿದ್ವಿ, ಪ್ಲೈವುಡ್ ಮೆತ್ತಗಿತ್ತು. ಇವರಿಗೆ ಇನ್ನೂ ಆಸೆ ಇತ್ತು, ನಾನು ಬೇಡ ಅಂದೆ.

ಈಗ ಎರಡು ಮಾತಾಡ್ತಿದ್ದೀವಿ. 27-28 ಅಡಿ ಕ್ಲಾಸ್ ಸಿ, ಬಂಕ್ ಇಲ್ಲದ್ದು, ಬೆಡ್‌ರೂಮಿಗೆ ಗಟ್ಟಿ ಬಾಗಿಲು ಇರೋದು, ಜೊತೆಗೆ ನಮ್ಮ ಸಿಯೆನ್ನಾ. ಮಕ್ಕಳು ನಮ್ಮಿಬ್ಬರ ಹತ್ರ ಮಲಗ್ತಾರೆ, ಹೇಗಿದ್ರೂ ಈಗಲೂ ಹಾಗೇ ಮಲಗೋದು. ಅತ್ತೆಗೆ ಮಡಚೋ ಸೋಫಾ. ಇಲ್ಲ ಅಂದ್ರೆ ಧಾರವಾಡದವರು ಹೇಳಿದ ಟ್ರಕ್ಕು. ಇವರಿಗೆ ಟ್ರೇಲರ್ ರಿವರ್ಸ್ ತೆಗೆಯೋದು ಅಂದ್ರೆ ಹೆದರಿಕೆ, ಒಪ್ಪಲ್ಲ ಅಷ್ಟೆ.

ಮಗಳ ಸ್ಕೂಲ್ ಬಗ್ಗೆ ಯಾರಾದ್ರೂ ಹೇಳ್ತೀರಾ?

ಟೆಕ್ಸಾಸ್_ತುಮಕೂರು
ಹೆದರಿಕೆ ಅಲ್ಲ, ಎಚ್ಚರ.

ಕರಾವಳಿ_ಕ್ಯಾರೊಲೈನಾ
😄😄

ಸ್ಕೂಲ್: ಟೆಕ್ಸಾಸಿನಲ್ಲಿ ಆರು ವರ್ಷಕ್ಕೆ ಕಡ್ಡಾಯ ಶುರುವಾಗುದು. ಅಲ್ಲಿ ಮನೆಪಾಠವನ್ನು ಖಾಸಗಿ ಶಾಲೆ ಅಂತಲೇ ಪರಿಗಣಿಸ್ತಾರೆ, ಸರ್ಕಾರಕ್ಕೆ ನೋಂದಣಿ ಬೇಕಿಲ್ಲ. ಓದು, ಕಾಗುಣಿತ, ವ್ಯಾಕರಣ, ಗಣಿತ, ನಾಗರಿಕ ನಡತೆ ಇವಿಷ್ಟನ್ನು ಬರವಣಿಗೆಯ ಪಠ್ಯ ಇಟ್ಟುಕೊಂಡು ನಿಜವಾಗಿ ಕಲಿಸಬೇಕು. ಶಾಲೆಗೆ ಈಗಾಗ್ಲೇ ಸೇರಿಸಿದ್ರೆ ಬಿಡಿಸುವಾಗ ಲಿಖಿತ ಪತ್ರ ಕೊಡಿ. ಐದು ವರ್ಷಕ್ಕೆ ಅಷ್ಟೆಲ್ಲ ತಲೆಬಿಸಿ ಬೇಡ. ಅಜ್ಜಿ ಇದ್ರೆ ಕನ್ನಡ ಅಕ್ಷರವೂ ಆಗ್ತದೆ. ವರ್ಷ ಒಂದರಲ್ಲಿ ಮಕ್ಕಳ ಡಾಕ್ಟರು ಮಾತ್ರ ಡಲ್ಲಾಸಿನವರೇ ಇರ್ಲಿ, ಲಸಿಕೆಯ ಹೊತ್ತಿಗೆ ಅಲ್ಲಿಗೆ ಬರುವ ಹಾಗೆ ದಾರಿ ಹಾಕಿಕೊಳ್ಳಿ. ವಿಮೆಯ ನೆಟ್‌ವರ್ಕು ಬೇರೆ ರಾಜ್ಯದಲ್ಲಿ ತುರ್ತು ಚಿಕಿತ್ಸೆ ಬಿಟ್ಟು ಬೇರೆಯದಕ್ಕೆ ನಡೀತದಾ ಕೇಳಿಡಿ. ಅತ್ತೆಗೆ ವಿಸಿಟರ್ ವಿಮೆ ಬೇರೆ.

ಗಾಲಿಮೇಲಿನಮನೆ
27 ಅಡಿ ಒಳ್ಳೇ ಅಳತೆ. ರಾಜ್ಯ ಉದ್ಯಾನ, ರಾಷ್ಟ್ರೀಯ ಉದ್ಯಾನಗಳ ಹಳೇ ಕ್ಯಾಂಪ್‌ಗ್ರೌಂಡುಗಳಲ್ಲಿ ಸೈಟುಗಳೇ ಚಿಕ್ಕವು, ನಾಲ್ಕಡಿ ಕಮ್ಮಿಯಾದ್ರೂ ಬುಕಿಂಗ್ ಸಿಗೋ ಸಾಧ್ಯತೆ ಬಹಳ ಹೆಚ್ಚು. ಆದ್ರೂ ಎಲ್ಲಾ ಕಡೆ ನುಗ್ಗಲ್ಲ. ಗ್ಲೇಸಿಯರ್ ಉದ್ಯಾನದ ಗೋಯಿಂಗ್-ಟು-ದ-ಸನ್ ರಸ್ತೆಯ ನಡುಭಾಗಕ್ಕೆ 21 ಅಡಿ ಮೇಲಿನ ಗಾಡಿ ಬಿಡಲ್ಲ. ಅಲ್ಲಿ ನಿಮ್ಮ ಸಿಯೆನ್ನಾನೇ ಗತಿ. ಬಿಎಲ್‌ಎಂ ಅನ್ನೋ ಇಲಾಖೆಯ ಸರ್ಕಾರಿ ಭೂಮಿಯಲ್ಲಿ ಬಾಡಿಗೆ ಇಲ್ಲದೆ ಸಾಮಾನ್ಯವಾಗಿ 14 ದಿನ ಇರಬಹುದು, ಆದ್ರೆ ನೀರು ಕರೆಂಟು ಇಲ್ಲ. ಕೂಸು, ಅಜ್ಜಿ, ಇಬ್ಬರ ಆಫೀಸು ಇಟ್ಕೊಂಡು ಮೊದಮೊದಲು ಆ ಸಾಹಸ ಬೇಡ. ಸ್ಟಾರ್‌ಲಿಂಕ್ ಹಾಕಿಸ್ತೀರಿ ಅಂತ ಕಾಣುತ್ತೆ, ಅದಕ್ಕೆ ತೆರೆದ ಆಕಾಶ ಬೇಕು. ಮಕ್ಕಳಿಗೆ ನೆರಳು ಬೇಕು. ಮರದ ಕೆಳಗಿನ ಸೈಟಲ್ಲಿ ಎರಡೂ ಒಟ್ಟಿಗೆ ಆಗಲ್ಲ, ಮೊಬೈಲ್ ಹಾಟ್‌ಸ್ಪಾಟ್ ಬೇರೆ ಕಂಪನಿಯದ್ದೊಂದು ಇರಲಿ. ಇನ್ಶೂರೆನ್ಸ್ ತಗೊಳ್ಳುವಾಗ ಪೂರ್ಣಾವಧಿ ವಾಸ ಅಂತ ಹೇಳಿಯೇ ತಗೊಳ್ಳಿ. ಮುಚ್ಚಿಟ್ರೆ ಕ್ಲೇಮ್ ಹೊತ್ತಿಗೆ ಕೈ ಎತ್ತುತ್ತಾರೆ.

ತುಂಬಾ ಹಳೇ ಮಾಡೆಲ್ ಬೇಡ ಅನ್ನೋಕೆ ಇನ್ನೊಂದು ಕಾರಣ ಇದೆ. ಹಲವು ಖಾಸಗಿ ಪಾರ್ಕುಗಳು ಹತ್ತು ವರ್ಷ ಮೀರಿದ ಗಾಡಿ ಅಂದ್ರೆ ಫೋಟೋ ಕೇಳ್ತವೆ ಅಥವಾ ಬೇಡ ಅಂತವೆ.

ಕೊಳ್ಳೋ ಮೊದಲು ಬಾಡಿಗೆಗೆ ತಗೊಂಡು ನೋಡಿ. ಕ್ರೂಸ್ ಅಮೆರಿಕಾ ಕಂಪನಿಯಲ್ಲಿ 25 ಅಡಿ, 30 ಅಡಿ ಎರಡೂ ಅಳತೆ ಸಿಗುತ್ತೆ. ಔಟ್‌ಡೋರ್ಸಿ ಥರದ ವೆಬ್‌ಸೈಟಿನಲ್ಲಿ ಮಾಲೀಕರಿಂದಲೇ ನಿಮಗೆ ಬೇಕಾದ ವಿನ್ಯಾಸದ್ದೇ ಹುಡುಕಬಹುದು. ರಜೆ ಹಾಕಿ ಹೋಗಬೇಡಿ. ವಾರದ ದಿನ, ಇಬ್ಬರಿಗೂ ಮೀಟಿಂಗ್ ಇರೋ ದಿನಗಳನ್ನೇ ಆರಿಸಿ.

ಟೆಕ್ಸಾಸ್_ತುಮಕೂರು
ಒಪ್ಪಿಗೆ. ಮುಂದಿನ ತಿಂಗಳು ಒಂದು ವಾರಕ್ಕೆ ಬಾಡಿಗೆ ಗಾಡಿ ನೋಡ್ತಿದ್ದೀವಿ, ಸಿಯೆನ್ನಾ ಹಿಂದೆ. ಡಲ್ಲಾಸಿಂದ ಹತ್ತಿರದಲ್ಲಿ ಎಲ್ಲಿಗೆ ಹೋಗೋದು? ಮಗಳಿಗೆ ಈಗ ಡೈನೋಸಾರ್ ಹುಚ್ಚು.

ಧಾರವಾಡದಾಂವ_ಡೆನ್ವರ್
ಕೇಳಬೇಕೇನ್ರಿ? ಗ್ಲೆನ್ ರೋಸ್ ಹತ್ರ ಡೈನೋಸಾರ್ ವ್ಯಾಲಿ ಸ್ಟೇಟ್ ಪಾರ್ಕ್. ಪ್ಯಾಲಕ್ಸಿ ಹೊಳಿ ತಳದ ಕಲ್ಲಿನ್ಯಾಗ ಖರೇ ಹೆಜ್ಜಿ ಗುರ್ತ ಅದಾವ. ಹೊಳ್ಯಾಗ ನೀರ ಕಮ್ಮಿ ಇದ್ದಾಗ ಹೋದ್ರ ಚಂದ ಕಾಣ್ತಾವ, ಹೋಗೋ ಮುಂದ ಪಾರ್ಕಿಗೆ ಫೋನ್ ಮಾಡಿ ಕೇಳ್ರಿ. ಸೈಟ್ ಬುಕ್ ಮಾಡುವಾಗ 30 ಆಂಪ್ ಐತೋ 50 ಐತೋ ನೋಡ್ರಿ. ಮತ್ತ ಸರ, ಅಲ್ಲೆ ಯಾರರ ಟ್ರೇಲರ್ ರಿವರ್ಸ್ ಹೊಡೀತಿದ್ರ ಬಾಜೂಕ ನಿಂತು ನೋಡ್ರಿ, ಹೆದರಿಕಿ ಹೋದೀತು.

ಸೌ_ತುಮಕೂರು
ಬುಕ್ ಮಾಡ್ತಿದ್ದೀನಿ. ಬಾಡಿಗೆ ಗಾಡಿಯ ಡೈನೆಟ್ ಫೋಟೋ, ಓಸಿಸಿಸಿ ಸ್ಟಿಕರ್ ಫೋಟೋ ಎರಡೂ ಕಳಿಸಿ ಅಂತ ಮಾಲೀಕರನ್ನ ಕೇಳಿದ್ದೀನಿ. ಬಂದ ಮೇಲೆ ಇಲ್ಲಿ ಹಾಕ್ತೀನಿ, ಗಾಲಿಮೇಲಿನಮನೆಯವರು ಲೆಕ್ಕ ಮಾಡಿಕೊಡ್ಬೇಕು. ಮಿಕ್ಸಿ ತಗೊಂಡು ಹೋಗ್ತೀನಿ, ಎಸಿ ಆಫ್ ಮಾಡಿ ತಿರುಗಿಸ್ತೀನಿ.